ಗಡಿಯಾರದ ಗಾಲಿಯ ಹಲ್ಲು ಕೆಟ್ಟರೆ ಲೇತಿನಲ್ಲಿ ಎಲ್ಲಿ ಹುಡುಕಬೇಕು

ಕೊನೆಯ ಹಲ್ಲು ಕೊರೆದು ನೋಡಿದಾಗ ಗಾಲಿ ಕೆಟ್ಟಿದೆ ಅಂತ ಗೊತ್ತಾದರೆ ಕೈ ತಾನಾಗಿಯೇ ಸ್ಪ್ಯಾನರ್ ಕಡೆಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಗಾಲಿಯನ್ನು ಆರ್ಬರ್‌ನಿಂದ (ಅದನ್ನು ಕೂರಿಸಿದ ಸರಳಿನಿಂದ) ಬಿಚ್ಚಬೇಡಿ. ಡಿವೈಡಿಂಗ್ ಹೆಡ್‌ನ, ಅಂದರೆ ಸುತ್ತನ್ನು ಸಮನಾಗಿ ಭಾಗ ಮಾಡುವ ಸಾಧನದ, ಹ್ಯಾಂಡಲ್ ಮುಟ್ಟಬೇಡಿ. ಕಟರ್ ಕೂಡ ಇದ್ದಲ್ಲೇ ಇರಲಿ. ಒಂದು ಮಾರ್ಕರ್ ತೆಗೆದುಕೊಂಡು ಮೊದಲು ಕೊರೆದ ಸಂದಿಗೆ ಗುರುತು ಹಾಕಿ. ಎರಡನೆಯ ಸಂದು ಯಾವ ಕಡೆಗಿದೆ ಅಂತ ಪಕ್ಕದಲ್ಲೇ ಒಂದು ಬಾಣ ಎಳೆಯಿರಿ. ಆಮೇಲೆ ಬಿಲ್ಲೆ (ಹಲ್ಲು ಕೊರೆಯುವ ದುಂಡು ತಗಡು), ಆರ್ಬರ್, ಚಕ್ (ಲೇತಿನ ಹಿಡಿತ) ಮೂರಕ್ಕೂ ಸೇರುವ ಹಾಗೆ ಒಂದೇ ಗೆರೆ ಹಾಕಿ. ಇಷ್ಟು ಗುರುತು ಇದ್ದರೆ ಆ ಕೆಟ್ಟ ಗಾಲಿಯಿಂದಲೇ ತಪ್ಪು ಎಲ್ಲಿದೆ ಅಂತ ಓದಬಹುದು. ಬಿಚ್ಚಿ ಮೇಜಿನ ಮೇಲೆ ಇಟ್ಟ ಮೇಲೆ ಅರ್ಧ ಸಾಕ್ಷಿ ಹೋಗಿಬಿಡುತ್ತದೆ.

ಗಾಲಿ ಕೆಟ್ಟರೆ ಸಾಮಾನ್ಯವಾಗಿ ಮೊದಲ ಅನುಮಾನ ಕಟರ್ ಮೇಲೆ. ಎರಡನೆಯದು ಲೆಕ್ಕದ ಮೇಲೆ. ಹಿಡಿತದ ಮೇಲೆ ಅನುಮಾನ ಬರುವುದು ಕೊನೆಗೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು ಅಂತ ನನ್ನ ಖಚಿತ ಅಭಿಪ್ರಾಯ. ಚಿಕ್ಕ ಲೇತಿನಲ್ಲಿ ಬಿಲ್ಲೆಯನ್ನು ಹೇಗೆ ಹಿಡಿದಿದ್ದೀರಿ, ಸ್ಪಿಂಡಲ್ ಅನ್ನು ಹೇಗೆ ತಡೆದಿದ್ದೀರಿ ಅನ್ನುವುದರಲ್ಲೇ ಹೆಚ್ಚಿನ ದೋಷ ಇರುತ್ತದೆ. ಕಟರ್ ಮೊಂಡಾಗಿದ್ದರೆ ಎಲ್ಲ ಹಲ್ಲೂ ಒಂದೇ ಥರ ಕೆಡುತ್ತವೆ. ಹಿಡಿತ ಕೆಟ್ಟಿದ್ದರೆ ಹಲ್ಲುಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಆ ವ್ಯತ್ಯಾಸ ಗಾಲಿಯ ಸುತ್ತ ಹೇಗೆ ಹರಡಿದೆ ಅನ್ನುವುದನ್ನು ನೋಡಬೇಕು.

ಯಾವ ಜೋಡಣೆಯ ಬಗ್ಗೆ ಮಾತು

ಗಾಲಿ ಲೇತಿನ ಸ್ಪಿಂಡಲ್‌ನಲ್ಲಿದೆ. ಸ್ಪಿಂಡಲ್‌ನ ಹಿಂಭಾಗಕ್ಕೆ 40ಕ್ಕೆ 1 ವರ್ಮ್ (ಹ್ಯಾಂಡಲ್ 40 ಸುತ್ತಿದರೆ ಸ್ಪಿಂಡಲ್ ಒಂದು ಸುತ್ತು) ಮತ್ತು ಇಂಡೆಕ್ಸ್ ಪ್ಲೇಟ್ (ಹ್ಯಾಂಡಲ್‌ನ ಪಿನ್ ಕೂರುವ ತೂತಿನ ಸಾಲುಗಳಿರುವ ತಟ್ಟೆ) ಜೋಡಿಸಿದೆ, ಇದೇ ನಮ್ಮ ಡಿವೈಡಿಂಗ್ ಹೆಡ್. ಕ್ರಾಸ್ ಸ್ಲೈಡ್ ಮೇಲೆ ವರ್ಟಿಕಲ್ ಸ್ಲೈಡ್, ಅದರಲ್ಲಿ ಮಿಲ್ಲಿಂಗ್ ಸ್ಪಿಂಡಲ್. ಅದು ನೆಟ್ಟಗೆ ನಿಂತಿದೆ, ಕಟರ್ ಮಲಗಿ ಸುತ್ತುತ್ತದೆ. ಆಳ ಕೊಡುವುದು ಕ್ರಾಸ್ ಸ್ಲೈಡ್, ಕಟರ್‌ನ ಎತ್ತರ ವರ್ಟಿಕಲ್ ಸ್ಲೈಡ್‌ನಿಂದ, ಕೊರೆಯುವ ಓಟ ಕ್ಯಾರೇಜ್‌ನಿಂದ. ಇಂಗ್ಲೆಂಡಿನ ಮೈಫೋರ್ಡ್ ಎಂಎಲ್7 ತರಹದ ಬೆಂಚ್ ಲೇತ್ ಇರಲಿ, ಅದಕ್ಕಿಂತ ಚಿಕ್ಕದಿರಲಿ, ವ್ಯವಸ್ಥೆ ಹೆಚ್ಚುಕಡಿಮೆ ಇದೇ. ಒಂದು ವಿಷಯ ಮರೆಯಬೇಡಿ: ವರ್ಮ್ ಜೋಡಿಸಿದ ಮೇಲೆ ಲೇತಿನ ಮೋಟರ್‌ನ ಪ್ಲಗ್ ಕಿತ್ತು ಪಕ್ಕಕ್ಕಿಡಿ. ಅಕಸ್ಮಾತ್ ಸ್ವಿಚ್ ತಾಗಿದರೆ ವರ್ಮ್ ಹೋಗುತ್ತದೆ, ಬೆರಳೂ ಹೋಗಬಹುದು.

ಉದಾಹರಣೆಗೆ ಸೆಕೆಂಡಿಗೊಮ್ಮೆ ಬಡಿಯುವ ಲೋಲಕದ ಗಡಿಯಾರ ತೆಗೆದುಕೊಳ್ಳೋಣ. ಸೆಂಟರ್ ವೀಲ್ 64 ಹಲ್ಲು, ಥರ್ಡ್ ವೀಲ್ 60, ಎಸ್ಕೇಪ್ ವೀಲ್ 30, ಪಿನಿಯನ್ (ಗಾಲಿ ತಿರುಗಿಸುವ ಪುಟ್ಟ ಹಲ್ಲುಗಾಲಿ) ಎರಡಕ್ಕೂ 8 ಎಲೆ, ಅಂದರೆ 8 ಹಲ್ಲು. ಸೆಂಟರ್ ವೀಲ್ ಗಂಟೆಗೆ ಒಂದು ಸುತ್ತು, ಎಸ್ಕೇಪ್ ವೀಲ್ ನಿಮಿಷಕ್ಕೆ ಒಂದು ಸುತ್ತು. ಹಲ್ಲಿನ ಗಾತ್ರದ ಅಂಕಿಯಾದ ಮಾಡ್ಯೂಲ್ 0.8 ಇಟ್ಟುಕೊಂಡರೆ 64 ಹಲ್ಲಿನ ಗಾಲಿಯ ಪಿಚ್ ವ್ಯಾಸ (ಎಣಿಕೆ ಗುಣಿಸು ಮಾಡ್ಯೂಲ್) 51.2 ಎಂಎಂ. ಗಡಿಯಾರದ ಸೈಕ್ಲಾಯ್ಡಲ್ ಕಟರ್‌ಗಳಿಗೆ ಹಲ್ಲಿನ ಎಣಿಕೆಗೆ 2.76 ಸೇರಿಸಿ ಮಾಡ್ಯೂಲ್‌ನಿಂದ ಗುಣಿಸುವ ರೂಢಿ ಇದೆ. ಆ ಲೆಕ್ಕದಲ್ಲಿ ಹೊರವ್ಯಾಸ ಸುಮಾರು 53.4 ಎಂಎಂ. ನಿಮ್ಮ ಕಟರ್ ಜೊತೆ ಬಂದ ಪಟ್ಟಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಸಾಧಾರಣ ಇಂಜಿನಿಯರಿಂಗ್ ಗೇರ್‌ನ ಹಾಗೆ 2 ಸೇರಿಸಿ ಬಿಲ್ಲೆ ತಿರುವಿದ್ದರೆ ಹಲ್ಲಿನ ತುದಿ ಮೊಟಕಾಗುತ್ತದೆ. ಎಲ್ಲ ಹಲ್ಲೂ ಒಂದೇ ಥರ ಗಿಡ್ಡ ಇದ್ದರೆ ಮೊದಲು ಈ ಲೆಕ್ಕ ನೋಡಿ, ಲೇತನ್ನು ದೂರಬೇಡಿ.

64 ಹಲ್ಲಿಗೆ ಹ್ಯಾಂಡಲ್ ಪ್ರತಿ ಸಲ 40/64, ಅಂದರೆ 5/8 ಸುತ್ತು. 16 ತೂತಿನ ಸಾಲಿನಲ್ಲಿ 10 ತೂತು ಮುಂದೆ. ಪೂರ್ತಿ ಗಾಲಿಗೆ 640 ತೂತು. ಈ 640 ಅನ್ನುವ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಗಾಲಿ ಈಗಾಗಲೇ ಗಡಿಯಾರದೊಳಗೆ ಸೇರಿದ್ದರೆ

ಗಡಿಯಾರ ನಿಲ್ಲುತ್ತಿದೆ, ಆದರೆ ಯಾವ ಗಾಲಿ ಅಂತ ಗೊತ್ತಿಲ್ಲ. ನಿಂತ ಹೊತ್ತನ್ನು ಬರೆದಿಡಿ. ಪ್ರತಿ ಸಲ ನಿಮಿಷದ ಮುಳ್ಳು ಒಂದೇ ಜಾಗದಲ್ಲಿ ನಿಂತರೆ ಸೆಂಟರ್ ವೀಲ್ ನೋಡಿ, ಯಾಕೆಂದರೆ ಅದೂ ಮುಳ್ಳೂ ಒಟ್ಟಿಗೆ ತಿರುಗುತ್ತವೆ. ಏಳೂವರೆ ನಿಮಿಷದ ಲೆಕ್ಕದಲ್ಲಿ ತೊಂದರೆ ಮರುಕಳಿಸಿದರೆ ಥರ್ಡ್ ವೀಲ್. ಒಂದು ನಿಮಿಷದ ಲೆಕ್ಕದಲ್ಲಿ ಲೋಲಕದ ಬಡಿತ ಸೊರಗಿದರೆ ಎಸ್ಕೇಪ್ ವೀಲ್ ಅಥವಾ ಅದರ ಪಿನಿಯನ್. ನಡುವೆ ಮುಳ್ಳನ್ನು ಕೈಯಲ್ಲಿ ತಿರುಗಿಸಿ ಟೈಮ್ ಸರಿ ಮಾಡಿದ್ದರೆ ಹಳೆಯ ಬರಹ ಕೆಲಸಕ್ಕೆ ಬರುವುದಿಲ್ಲ. ಮುಳ್ಳು ಉಜ್ಜುಹಿಡಿತದಲ್ಲಿ ಜಾರಿ ಬೇರೆ ಜಾಗಕ್ಕೆ ಹೋಗಿರುತ್ತದೆ. ಹೊಸದಾಗಿ ಬರೆಯಲು ಶುರು ಮಾಡಿ.

ಒಂದೆರಡು ಹಲ್ಲು ಮಾತ್ರ ಕೆಟ್ಟಿದ್ದರೆ

ಎಲ್ಲಕ್ಕಿಂತ ಜಾಸ್ತಿ ಬರುವ ದೋಷ ಇದು. ಓದಲು ಕಲಿತರೆ ಎಲ್ಲಕ್ಕಿಂತ ಸ್ಪಷ್ಟವಾಗಿ ಹೇಳುವುದೂ ಇದೇ.

ನಮ್ಮ ಗಾಲಿಯ ಪಿಚ್ ಸುತ್ತಳತೆ 160.8 ಎಂಎಂ. 64ರಿಂದ ಭಾಗಿಸಿದರೆ ಒಂದು ಹಲ್ಲಿನಿಂದ ಇನ್ನೊಂದಕ್ಕೆ 2.51 ಎಂಎಂ. 640ರಿಂದ ಭಾಗಿಸಿದರೆ ಪ್ಲೇಟಿನ ಒಂದು ತೂತಿಗೆ ಗಾಲಿಯ ಅಂಚಿನಲ್ಲಿ 0.25 ಎಂಎಂ. ಈಗ ಕೆಟ್ಟ ಹಲ್ಲನ್ನೂ ಒಳ್ಳೆಯ ಹಲ್ಲನ್ನೂ ವರ್ನಿಯರ್‌ನಲ್ಲಿ ಒಂದೇ ಎತ್ತರದಲ್ಲಿ ಹಿಡಿದು ಅಳೆಯಿರಿ. ಜೊತೆಗೆ, ಕೆಟ್ಟ ಹಲ್ಲು ಎಲ್ಲಿದೆ ಅಂತ ಮೊದಲ ಸಂದಿನ ಗುರುತಿನಿಂದ ಎಣಿಸಿ.

ಒಂದು ಹಲ್ಲು ದಪ್ಪ, ಇನ್ನೆಲ್ಲೋ ಒಂದು ಹಲ್ಲು ಅಷ್ಟೇ ತೆಳು, ಆ ಎರಡರಲ್ಲಿ ಒಂದು ನಿಮ್ಮ ಗುರುತಿನ ಪಕ್ಕದ ಕೊನೆಯ ಹಲ್ಲು. ವ್ಯತ್ಯಾಸ 0.25 ಎಂಎಂ ಅಥವಾ 0.50. ಇದು ತೂತು ಎಣಿಸುವಾಗ ಆದ ತಪ್ಪು. ಒಂದು ಸಲ 10ರ ಬದಲು 11 ತೂತು ಹೋಗಿದ್ದೀರಿ, ಹಾಗಾಗಿ ಅಲ್ಲಿ ಹಲ್ಲು ದಪ್ಪ. ಕೊನೆಗೆ ಜಾಗ ಕಡಿಮೆ ಬಿದ್ದು ಕೊನೆಯ ಹಲ್ಲು ತೆಳು. 9 ತೂತು ಹೋಗಿದ್ದರೆ ಇದರ ತಿರುಗುಮುರುಗು. ಸೆಕ್ಟರ್ ಆರ್ಮ್‌ನ (ಪ್ಲೇಟಿನ ಮೇಲೆ ತೂತಿನ ಎಣಿಕೆ ಹಿಡಿದಿಡುವ ಜೋಡಿ ತೋಳಿನ) ಸ್ಕ್ರೂ ಲೂಸ್ ಇದೆಯಾ ನೋಡಿ. ತೋಳು ಸುಮ್ನೆ ತಾಗಿ ಸರಿದಿರುತ್ತದೆ.

ಜಾಗ ಅದೇ ಥರ, ಒಂದು ದಪ್ಪ ಒಂದು ತೆಳು, ಆದರೆ ವ್ಯತ್ಯಾಸ 0.25ರ ಲೆಕ್ಕಕ್ಕೆ ಕೂರುವುದಿಲ್ಲ. 0.17 ಅಂತಲೋ 0.4 ಅಂತಲೋ ಬರುತ್ತದೆ. ಹಾಗಾದರೆ ಎಣಿಕೆ ಸರಿ ಇದೆ, ಬಿಲ್ಲೆಯೇ ಒಂದು ಸಲ ಜಾರಿದೆ. ಶುರುವಿನಲ್ಲಿ ಹಾಕಿದ ಗೆರೆ ಇಲ್ಲಿ ಬೇಕು. ಇನ್ನು ಮುಂದೆ ಆ ಗೆರೆಯನ್ನು ಕೊರೆಯುವ ಮೊದಲೇ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಬಿಲ್ಲೆ ಮತ್ತು ಆರ್ಬರ್ ನಡುವೆ ಗೆರೆ ಮುರಿದಿದ್ದರೆ ನಟ್ ಸಡಿಲ, ಅಥವಾ ವಾಷರ್ ಚಿಕ್ಕದು. ಆರ್ಬರ್ ಮತ್ತು ಚಕ್ ನಡುವೆ ಮುರಿದಿದ್ದರೆ ಚಕ್‌ನ ಹಿಡಿತ ಸಾಲದು. ಎರಡೂ ಕಡೆ ಗೆರೆ ಸರಿಯಾಗಿದ್ದರೆ ಜಾರಿದ್ದು ಹಿಂದೆ, ಸ್ಪಿಂಡಲ್ ಮತ್ತು ವರ್ಮ್ ವೀಲ್ ನಡುವೆ. ಅಲ್ಲಿನ ಗ್ರಬ್ ಸ್ಕ್ರೂ ಅಥವಾ ಕೋನ್ ನೋಡಿ.

ಮೂರನೆಯದು: ಮೊದಲ ಸಂದಿನ ಎಡಕ್ಕೂ ಬಲಕ್ಕೂ ಇರುವ ಎರಡು ಹಲ್ಲು ಮಾತ್ರ ಕೆಟ್ಟಿವೆ. ಒಂದು ದಪ್ಪ, ಒಂದು ತೆಳು. ಉಳಿದ 62 ಸರಿಯಾಗಿವೆ. ಇದು ಬ್ಯಾಕ್‌ಲ್ಯಾಷ್, ಅಂದರೆ ಹಲ್ಲುಗಳ ನಡುವಿನ ಸಡಿಲ (ಪ್ಲೇ). ಮೊದಲ ಸಂದು ಕೊರೆಯುವ ಮುಂಚೆ ವರ್ಮ್‌ನ ಪ್ಲೇ ತೆಗೆದಿರಲಿಲ್ಲ. ಆ ಒಂದು ಸಂದು ಮಾತ್ರ ತಪ್ಪು ಜಾಗದಲ್ಲಿ ಬಿದ್ದಿದೆ, ಎರಡನೆಯದರಿಂದ ಎಲ್ಲವೂ ಸರಿಯಾಗಿವೆ. ಕೊರೆಯಲು ಶುರು ಮಾಡುವ ಮೊದಲು ಹ್ಯಾಂಡಲ್ ಅನ್ನು ಮುಂದಿನ ದಿಕ್ಕಿನಲ್ಲೇ ಒಂದೆರಡು ಪೂರ್ತಿ ಸುತ್ತು ತಿರುಗಿಸಿ ಪಿನ್ ಹಾಕಿ. ತೂತು ದಾಟಿ ಹೋದರೆ ಸುಮ್ನೆ ಒಂದು ತೂತು ಹಿಂದಕ್ಕೆ ಬರಬೇಡಿ. ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ.

ನಾಲ್ಕನೆಯದನ್ನು ಹಿಡಿಯುವುದು ಕಷ್ಟ. ಎಲ್ಲ ಹಲ್ಲೂ ಚೆನ್ನಾಗಿವೆ, ಕೊನೆಯದೊಂದು ಮಾತ್ರ ಕೆಟ್ಟಿದೆ. ಅದಕ್ಕೆ ಜೋಡಿಯಾಗಿ ಕೆಟ್ಟ ಇನ್ನೊಂದು ಹಲ್ಲು ಇಲ್ಲ. ಅಂದರೆ ಏನೋ ಒಂದು ಪ್ರತಿ ಹಲ್ಲಿಗೂ ಚೂರು ಚೂರೇ ಜಾರುತ್ತಾ ಬಂದಿದೆ. ಒಂದು ಹಲ್ಲಿಗೆ 0.005 ಎಂಎಂ ಜಾರಿದರೂ ವರ್ನಿಯರ್‌ಗೆ ಸಿಗುವುದಿಲ್ಲ, ಆದರೆ 64 ಹಲ್ಲಿಗೆ 0.32 ಎಂಎಂ ಆಗುತ್ತದೆ. ಅಂಟಿನಿಂದ ಹಿಡಿದ ಬಿಲ್ಲೆ ಬಿಸಿಯಾಗಿ ತೆವಳುವಾಗಲೂ, ಎಡಕ್ಕೆ ತಿರುಗಿದರೆ ಸಡಿಲವಾಗುವ ನಟ್ ಕಟರ್‌ನ ಒತ್ತಡಕ್ಕೆ ನಿಧಾನವಾಗಿ ಬಿಡುವಾಗಲೂ ಹೀಗಾಗುತ್ತದೆ. ಇಂಡೆಕ್ಸ್ ಮಾಡುವ ದಿಕ್ಕು ಮತ್ತು ನಟ್ ಬಿಗಿಯಾಗುವ ದಿಕ್ಕು ಯೋಚಿಸಿ ಹೊಂದಿಸಿ. ಬಿಲ್ಲೆಯ ಹಿಂದೆ ಚಿಕ್ಕ ಪಿನ್ ಹಾಕಲು ಜಾಗ ಇದ್ದರೆ ಇನ್ನೂ ಒಳ್ಳೆಯದು. ಹೇಗೂ ಆಮೇಲೆ ಕಡ್ಡಿಗಳ ನಡುವಿನ ಹಿತ್ತಾಳೆ ಕತ್ತರಿಸಿ ತೆಗೆಯುತ್ತೀರಿ, ಅಲ್ವಾ? ಪಿನ್‌ನ ತೂತು ಅಲ್ಲೇ ಬರಲಿ.

ಎಲ್ಲ ಹಲ್ಲೂ ತೆಳು, ಕೊನೆಗೆ ಸುಮಾರು 16 ಎಂಎಂ ಬೋಳು ಜಾಗ ಉಳಿದಿದೆ ಅಂತಾದರೆ ಗಾಬರಿ ಬೇಡ. ಪಿನ್ ಇರುವ ತೂತನ್ನೇ ಒಂದು ಅಂತ ಎಣಿಸಿದ್ದೀರಿ, ಪ್ರತಿ ಸಲ 9 ತೂತು ಮಾತ್ರ ಹೋಗಿದೆ. 10 ತೂತು ಮುಂದೆ ಹೋಗಬೇಕಾದರೆ ಸೆಕ್ಟರ್ ತೋಳುಗಳ ನಡುವೆ 11 ತೂತು ಕಾಣಬೇಕು.

ಯಾವ ಕ್ರಮವೂ ಇಲ್ಲದೆ ದಪ್ಪ ತೆಳು

ಅಲ್ಲೊಂದು ದಪ್ಪ, ಇಲ್ಲೊಂದು ತೆಳು, ಯಾವ ಲೆಕ್ಕಕ್ಕೂ ಸಿಗುತ್ತಿಲ್ಲ. ಸ್ಪಿಂಡಲ್ ಕೊರೆಯುವ ಹೊತ್ತಿನಲ್ಲಿ ಅಲ್ಲಾಡುತ್ತಿದೆ. ಪಿನ್ ಹಾಕಿ, ಗಾಲಿಯ ಒಂದು ಹಲ್ಲಿನ ಮಗ್ಗುಲಿಗೆ ಡಯಲ್ ಇಂಡಿಕೇಟರ್ ತಾಗಿಸಿ, ಕೈಯಿಂದ ಗಾಲಿಯನ್ನು ಆಚೆ ಈಚೆ ತಿರುಗಿಸಲು ನೋಡಿ. ಮುಳ್ಳು ಎಷ್ಟು ಓಡುತ್ತದೋ ಅಷ್ಟು ತಪ್ಪು ಹಲ್ಲಿನಲ್ಲಿ ಬರಬಹುದು. ಸ್ಪಿಂಡಲ್ ಲಾಕ್ ಮಾಡುವುದು ಒಂದು ದಾರಿ. ಆದರೆ ಕೆಲವು ಲಾಕ್‌ಗಳು ಬಿಗಿಯುವಾಗಲೇ ಸ್ಪಿಂಡಲ್ ಅನ್ನು ಚೂರು ತಿರುಗಿಸಿಬಿಡುತ್ತವೆ. ಡಯಲ್ ಇಟ್ಟುಕೊಂಡೇ ಲಾಕ್ ಬಿಗಿದು ನೋಡಿ. ಮುಳ್ಳು ಕದಲಿದರೆ ಆ ಲಾಕ್ ಬೇಡ. ನನಗೆ ಹೆಚ್ಚು ನಂಬಿಕೆ ಇರುವುದು ಹಳೆಯ ಉಪಾಯದ ಮೇಲೆ: ಚಕ್‌ನ ಹಿಂದೆ ಒಂದು ದಾರವನ್ನು ಕೆಲವು ಸುತ್ತು ಸುತ್ತಿ, ತುದಿಗೆ ತೂಕ ಕಟ್ಟಿ ಕೆಳಗೆ ಬಿಡುವುದು. ವರ್ಮ್ ಯಾವಾಗಲೂ ಒಂದೇ ಮಗ್ಗುಲಿಗೆ ಒತ್ತಿಕೊಂಡಿರುತ್ತದೆ.

ಪ್ಲೇಟಿನ ತೂತಿನಲ್ಲಿ ಹಿತ್ತಾಳೆ ಪುಡಿ ಬಿದ್ದರೂ ಹೀಗೇ ಆಗುತ್ತದೆ. ಮೊನೆ ಪಿನ್ ಪೂರ್ತಿ ಕೂರದೆ ಒಂದು ಕಡೆಗೆ ವಾಲುತ್ತದೆ. ಪ್ಲೇಟಿನ ಮುಂದೆ ಒಂದು ರಟ್ಟು ಅಡ್ಡ ಇಡಿ, ಪ್ರತಿ ಸಲ ಬ್ರಷ್ ಆಡಿಸಿ.

ವರ್ಮ್ ಇಲ್ಲದೆ, ಪ್ಲೇಟನ್ನು ನೇರವಾಗಿ ಸ್ಪಿಂಡಲ್‌ಗೆ ಹಾಕಿದವರಿಗೆ ಇನ್ನೊಂದು ಮಾತು. ಅರ್ಧ ಸುತ್ತಿನ ಹಲ್ಲುಗಳ ಅಂತರ ಜಾಸ್ತಿ, ಉಳಿದರ್ಧದ್ದು ಕಡಿಮೆ ಅಂತ ಬಂದರೆ ಪ್ಲೇಟ್ ಸೆಂಟರ್ ಔಟ್ ಇದೆ. ಪ್ಲೇಟ್ ದೊಡ್ಡದಾದಷ್ಟೂ ಈ ತಪ್ಪು ಚಿಕ್ಕದಾಗುತ್ತದೆ. ಹಳೆಯ ಇಂಗ್ಲಿಷ್ ಗಾಲಿ ಕೊರೆಯುವ ಯಂತ್ರಗಳಲ್ಲಿ ಕೊರೆಯುವ ಗಾಲಿಗಿಂತ ಪ್ಲೇಟ್ ಎಷ್ಟೋ ದೊಡ್ಡದಿರುತ್ತಿದ್ದುದು ಇದಕ್ಕೇ.

ಒಂದು ಕಡೆ ಎತ್ತರ, ಎದುರು ಕಡೆ ಗಿಡ್ಡ

ಐಗ್ಲಾಸ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿ ಹಲ್ಲಿನ ತುದಿ ನೋಡಿ. ಬಿಲ್ಲೆ ತಿರುವಿದಾಗ ಆದ ನುಣುಪು ಪಟ್ಟಿ ತುದಿಯಲ್ಲಿ ಕೂದಲೆಳೆಯಷ್ಟು ಉಳಿದಿರಬೇಕು, ಅಥವಾ ಈಗಷ್ಟೇ ಮಾಯವಾಗಿರಬೇಕು. ಗಾಲಿಯನ್ನು ನಿಧಾನವಾಗಿ ತಿರುಗಿಸುತ್ತಾ ಆ ಪಟ್ಟಿಯನ್ನೇ ಗಮನಿಸಿ. ಒಂದು ಕಡೆ ಅಗಲವಾಗಿದ್ದು, ಹೋಗ್ತಾ ಹೋಗ್ತಾ ಸಣ್ಣದಾಗಿ, ಎದುರು ಕಡೆ ತುದಿ ಚೂಪಾಗಿದ್ದರೆ ಬಿಲ್ಲೆಯ ಹೊರ ಅಂಚು ಮತ್ತು ಸ್ಪಿಂಡಲ್‌ನ ಸೆಂಟರ್ ಒಂದೇ ಅಲ್ಲ.

ಕಾರಣ ಸಾಮಾನ್ಯವಾಗಿ ಒಂದೇ: ಬಿಲ್ಲೆಯನ್ನು ಒಂದು ಸಲ ತಿರುವಿ, ಬಿಚ್ಚಿ, ಮತ್ತೆ ಮೂರು ಜಾ (ದವಡೆ) ಚಕ್‌ನಲ್ಲಿ ಹಿಡಿದಿದ್ದೀರಿ. ಒಳ್ಳೆಯ ಮೂರು ಜಾ ಚಕ್‌ನಲ್ಲೂ 0.05ರಿಂದ 0.1 ಎಂಎಂ ಔಟ್ ಇರುವುದು ಮಾಮೂಲು. 0.1 ಔಟ್ ಇದ್ದರೆ ಎದುರುಬದುರು ಹಲ್ಲುಗಳ ಆಳದಲ್ಲಿ ಅಷ್ಟೇ ವ್ಯತ್ಯಾಸ. ಲೇತ್ ಕೆಲಸಕ್ಕೆ ಇದು ದೊಡ್ಡದಲ್ಲ, 0.8 ಮಾಡ್ಯೂಲ್ ಗಾಲಿಗೆ ದೊಡ್ಡದು.

ಪರಿಹಾರ ಹೊಸ ಚಕ್ ಅಲ್ಲ. ಒಂದು ಸರಳನ್ನು ಚಕ್‌ನಲ್ಲಿ ಹಿಡಿದು, ಅದನ್ನು ಅಲ್ಲೇ ಆರ್ಬರ್ ಆಗಿ ತಿರುವಿ. ಬಿಲ್ಲೆಯ ತೂತಿಗೆ ಸರಿಯಾಗಿ ಜಾರಿ ಕೂರುವ ಸ್ಟೆಪ್, ತುದಿಗೆ ಥ್ರೆಡ್, ನಟ್. ಬಿಲ್ಲೆ ಹಾಕಿ, ಹೊರ ಅಂಚನ್ನು ಅಲ್ಲೇ ತಿರುವಿ, ಅಲ್ಲೇ ಹಲ್ಲು ಕೊರೆಯಿರಿ. ಈ ನಡುವೆ ಚಕ್‌ಗೆ ಕೀ ಹಾಕಲೇಬಾರದು. ಆಗ ಚಕ್ ಎಷ್ಟು ಔಟ್ ಇದ್ದರೂ ಗಾಲಿಗೆ ಅದರ ಗಾಳಿ ಸೋಕುವುದಿಲ್ಲ.

ಕಾಲೆಟ್ (ಸರಳನ್ನು ಸುತ್ತಲೂ ಬಿಗಿಹಿಡಿಯುವ ಸೀಳು ಕೊಳವೆ) ಇದ್ದವರೂ ಹುಷಾರಾಗಿರಬೇಕು. ವಾಚ್ ಲೇತಿನ 8 ಎಂಎಂ ಕಾಲೆಟ್‌ಗಳು ಬರೆದ ಅಳತೆಗೆ ಮಾತ್ರ. ಸರಳು ಸ್ವಲ್ಪ ದಪ್ಪ ಇದ್ದರೆ ಹಿಡಿತ ಒಂದು ತುದಿಯಲ್ಲಿ ಮಾತ್ರ ಸಿಗುತ್ತದೆ, ಕಾಲೆಟ್ ಕೂಡ ಹಾಳಾಗುತ್ತದೆ. ಇಆರ್ ಕಾಲೆಟ್ ಅಳತೆಯಲ್ಲಿ ಉದಾರಿ, ಆದರೆ ಅದಕ್ಕೆ ಉದ್ದ ಬೇಕು. ಗಿಡ್ಡ ತುಂಡನ್ನು ಬಾಯಲ್ಲಿ ಮಾತ್ರ ಕಚ್ಚಿಸಿದರೆ ಓರೆಯಾಗಿ ಹಿಡಿಯುತ್ತದೆ.

ಇಲ್ಲಿ ಎರಡು ದೋಷಗಳು ಒಂದೇ ಥರ ಕಾಣುತ್ತವೆ. ಆರ್ಬರ್ ಮೇಲೆ ಎಲ್ಲ ಹಲ್ಲುಗಳ ತುದಿಯೂ ಒಂದೇ ಸಮ, ಆದರೆ ಗಡಿಯಾರದ ತನ್ನ ಆರ್ಬರ್‌ಗೆ ಹಾಕಿದಾಗ ಗಾಲಿ ಎದ್ದು ಬಿದ್ದು ಓಡುತ್ತದೆ. ಆಗ ಕೊರೆದದ್ದು ಸರಿ, ತೂತು ತಪ್ಪು. ತೂತು ಆರ್ಬರ್‌ಗೆ ಲೂಸ್ ಇತ್ತು, ಬಿಲ್ಲೆ ಒಂದು ಪಕ್ಕಕ್ಕೆ ಕೂತಿತ್ತು. ಈ ಗಾಲಿ ಉಳಿಯುತ್ತದೆ. ಹಲ್ಲಿನ ತುದಿಯನ್ನು ಹಿಡಿಯುವ ಹಾಗೆ ಸ್ಟೆಪ್ ಚಕ್ ಅಥವಾ ಸ್ಥಳದಲ್ಲೇ ಬೋರ್ ಮಾಡಿದ ಸಾಫ್ಟ್ ಜಾದಲ್ಲಿ ಕೂರಿಸಿ, ತೂತನ್ನು ದೊಡ್ಡದಾಗಿ ಬೋರ್ ಮಾಡಿ ಬುಷ್ ಹಾಕಿ. ಡ್ರಿಲ್ ಹಾಕಬೇಡಿ, ಅದು ಹಳೆಯ ತೂತಿನ ಹಿಂದೆಯೇ ಹೋಗುತ್ತದೆ.

ಎಲ್ಲ ಹಲ್ಲೂ ಒಂದೇ ಕಡೆಗೆ ವಾಲಿದ್ದರೆ

ಕಟರ್‌ನ ಎತ್ತರ ಸ್ಪಿಂಡಲ್‌ನ ಸೆಂಟರ್‌ಗೆ ಸರಿಯಾಗಿಲ್ಲ. ಸಂಶಯವೇ ಬೇಡ. ಟೇಲ್‌ಸ್ಟಾಕ್ ಸೆಂಟರಿನ ಮೊನೆಗೆ ಕಣ್ಣಂದಾಜಿನಲ್ಲಿ ಕಟರ್ ಹೊಂದಿಸಿದರೆ ಗಾಲಿಗೆ ಹೇಗೋ ನಡೆಯುತ್ತದೆ, ಪಿನಿಯನ್‌ಗೆ ನಡೆಯುವುದಿಲ್ಲ. ಲೆಕ್ಕ ನೋಡಿ: ಕಟರ್ 0.2 ಎಂಎಂ ಮೇಲಿದೆ ಅಂತ ಇಟ್ಟುಕೊಳ್ಳಿ. 51.2 ಎಂಎಂ ಗಾಲಿಯಲ್ಲಿ ಹಲ್ಲು ಅರ್ಧ ಡಿಗ್ರಿಗಿಂತ ಕಡಿಮೆ ವಾಲುತ್ತದೆ. ಅದೇ 0.2 ಎಂಎಂ, 8 ಎಲೆಯ 6.4 ಎಂಎಂ ಪಿನಿಯನ್‌ನಲ್ಲಿ ಮೂರೂವರೆ ಡಿಗ್ರಿ. ಗಾಲಿ ಚೆನ್ನಾಗಿ ಬಂತು, ಹಾಗಾಗಿ ಸೆಟ್ಟಿಂಗ್ ಸರಿ ಅಂತ ನಂಬಿ ಪಿನಿಯನ್ ಕೊರೆದವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಸರಿ ಮಾಡುವ ವಿಧಾನ ಸುಲಭ. ಒಂದು ಹಿತ್ತಾಳೆ ಸರಳನ್ನು ಸ್ಪಿಂಡಲ್‌ನಲ್ಲಿ ಹಿಡಿದು, ಮುಖವನ್ನು ಫೇಸಿಂಗ್ ಮಾಡಿ, ಮಾರ್ಕರ್‌ನಿಂದ ಮಸಿ ಬಳಿಯಿರಿ. ಕಟರ್ ಸುತ್ತುತ್ತಿರುವಾಗ ಮುಖಕ್ಕೆ ಸೋಕಿಯೂ ಸೋಕದ ಹಾಗೆ ಕ್ಯಾರೇಜ್ ತಂದು, ಕ್ರಾಸ್ ಸ್ಲೈಡ್ ಅನ್ನು ಆಚೆ ತುದಿವರೆಗೆ ಓಡಿಸಿ. ಒಂದು ಗೆರೆ ಬೀಳುತ್ತದೆ. ಕಟರ್ ಹಿಂದೆ ತಂದು, ಸ್ಪಿಂಡಲ್ ಅನ್ನು ಸರಿಯಾಗಿ ಅರ್ಧ ಸುತ್ತು ತಿರುಗಿಸಿ. ನಮ್ಮ ಪ್ಲೇಟಿನಲ್ಲಿ ಹ್ಯಾಂಡಲ್ 20 ಸುತ್ತು. ಮತ್ತೆ ಅದೇ ಗೆರೆ ಹಾಕಿ. ಎರಡೂ ಒಂದರ ಮೇಲೊಂದು ಬಿದ್ದರೆ ಕಟರ್ ಸೆಂಟರ್‌ನಲ್ಲಿದೆ. ಎರಡು ಗೆರೆ ಬೇರೆ ಬೇರೆ ಕಂಡರೆ ಕಟರ್ ಈಗ ಹೊಸ ಗೆರೆಯ ಎತ್ತರದಲ್ಲಿದೆ. ಹಳೆಯ ಗೆರೆಯ ಕಡೆಗೆ ಅಂತರದ ಅರ್ಧದಷ್ಟು ಸರಿಸಿ. ಮಸಿಯಿಂದಾಗಿ 0.05 ಎಂಎಂ ಅಂತರ ಕೂಡ ಐಗ್ಲಾಸ್‌ನಲ್ಲಿ ಎದ್ದು ಕಾಣುತ್ತದೆ. ಸರಿಸುವಾಗ ವರ್ಟಿಕಲ್ ಸ್ಲೈಡ್‌ನ ಪ್ಲೇಯನ್ನು ಕೆಳಗಿನಿಂದ ಮೇಲಕ್ಕೆ ಬಂದು ತೆಗೆಯಿರಿ, ಆಮೇಲೆ ಲಾಕ್ ಮಾಡಿ, ಲಾಕ್ ಮಾಡಿದ ಮೇಲೆ ಇನ್ನೊಂದು ಸಲ ಪರೀಕ್ಷೆ ಮಾಡಿ. ಲಾಕ್ ಬಿಗಿದಾಗ ಸ್ಲೈಡ್ ಸರಿಯುವುದು ಮಾಮೂಲು.

ಅಲೆ ಅಲೆ ಗುರುತು, ಕಿರುಚುವ ಸದ್ದು

ಹಲ್ಲಿನ ಮಗ್ಗುಲಲ್ಲಿ ಅಲೆಗಳು ಬಿದ್ದಿವೆ, ಕೊರೆಯುವಾಗ ಕರ್ಕಶ ಸದ್ದು. ಸ್ಪೀಡ್ ಬದಲಾಯಿಸಿ ನೋಡುವ ಮೊದಲು ಹೆಬ್ಬೆರಳಿನ ಪರೀಕ್ಷೆ ಮಾಡಿ. ಬಿಲ್ಲೆಯ ಅಂಚಿನ ಹತ್ತಿರ, ಮುಖದ ಮೇಲೆ, ಡಯಲ್ ಇಟ್ಟು ಪಕ್ಕದಲ್ಲೇ ಹೆಬ್ಬೆರಳಿನಿಂದ ಒತ್ತಿ. 1.5 ಎಂಎಂ ದಪ್ಪದ ಬಿಲ್ಲೆ, ನಡುವೆ ಚಿಕ್ಕ ವಾಷರ್ ಮಾತ್ರ ಇದ್ದರೆ ಮುಳ್ಳು ಧಾರಾಳವಾಗಿ ಓಡುತ್ತದೆ. ಬೆರಳಿಗೇ ಬಾಗುವ ತಗಡು ಕಟರ್‌ಗೆ ನಿಲ್ಲುತ್ತದಾ? ಹಲ್ಲಿನ ಬುಡದ ವ್ಯಾಸಕ್ಕಿಂತ ಚೂರೇ ಚಿಕ್ಕದಾದ ದಪ್ಪ ಬಿಲ್ಲೆಗಳನ್ನು ಹಿಂದೆ ಮುಂದೆ ಕೊಟ್ಟು ಒತ್ತಿ ಹಿಡಿಯಿರಿ. ಟೇಲ್‌ಸ್ಟಾಕ್ ಸೆಂಟರ್ ಆಸರೆ ಕೊಡಿ. ಆಮೇಲೆ ಡಯಲ್ ಅನ್ನು ಚಕ್‌ಗೆ, ಮಿಲ್ಲಿಂಗ್ ಸ್ಪಿಂಡಲ್‌ಗೆ, ವರ್ಟಿಕಲ್ ಸ್ಲೈಡ್‌ಗೆ ಒಂದೊಂದಾಗಿ ಸರಿಸುತ್ತಾ ಕೈಯಿಂದ ತಳ್ಳಿ ನೋಡಿ. ಎಲ್ಲಿ ಮುಳ್ಳು ಜಾಸ್ತಿ ಓಡುತ್ತದೋ ಅಲ್ಲಿಂದ ರಿಪೇರಿ ಶುರು. ಕೊರೆಯುವಾಗ ಕ್ಯಾರೇಜ್ ಒಂದೇ ಓಡಬೇಕು. ಉಳಿದ ಎರಡು ಸ್ಲೈಡ್‌ಗಳ ಗಿಬ್ (ಸಡಿಲ ತೆಗೆಯುವ ಪಟ್ಟಿ) ಬಿಗಿದಿರಬೇಕು.

ಇಷ್ಟಾದ ಮೇಲೂ ಅಲೆ ಇದ್ದರೆ ಕಟರ್ ನೋಡಿ. ಮನೆಯಲ್ಲೇ ಮಾಡಿದ ಫ್ಲೈ ಕಟರ್ ಆದರೆ ಹಿತ್ತಾಳೆಗೆ ಮುಂಭಾಗ ಚಪ್ಪಟೆಯಾಗಿರಬೇಕು, ಹಿಂಭಾಗ ಉಜ್ಜಬಾರದು. ಒಂದೇ ಹಲ್ಲಿನ ಕಟರ್‌ಗೆ ಸ್ಪೀಡ್ ಬೇಕು, ಫೀಡ್ ನಿಧಾನ ಇರಬೇಕು. 24 ಎಂಎಂ ವ್ಯಾಸಕ್ಕೆ 2000 ಆರ್‌ಪಿಎಂ ಕೊಟ್ಟರೆ ನಿಮಿಷಕ್ಕೆ ಸುಮಾರು 150 ಮೀಟರ್, ಸೀಸ ಬೆರೆತ ಹಿತ್ತಾಳೆ ಇದನ್ನು ಸಲೀಸಾಗಿ ತಡೆಯುತ್ತದೆ.

ಹಿತ್ತಾಳೆ ಅಂದ ಮೇಲೆ ಎಲ್ಲ ಹಿತ್ತಾಳೆಯೂ ಒಂದಲ್ಲ. ಪಾತ್ರೆ ಮಾಡುವ ಮೆತ್ತನೆಯ ತಗಡಿನಲ್ಲಿ ಸೀಸ ಇರುವುದಿಲ್ಲ, ಕಟರ್‌ಗೆ ಅಂಟುತ್ತದೆ, ಬರ್ (ಅಂಚಿನಲ್ಲಿ ಏಳುವ ಚೂಪು ಸಿಬಿರು) ದಪ್ಪವಾಗಿ ಏಳುತ್ತದೆ. ಗಡಿಯಾರದವರು ಬಳಸುವ ಸಿಝಡ್120 ಹಿತ್ತಾಳೆಯಲ್ಲಿ ಸುಮಾರು 2 ಶೇಕಡಾ ಸೀಸ ಇರುತ್ತದೆ, ಚಿಪ್ಸ್ ಪುಡಿಪುಡಿಯಾಗಿ ಉದುರುತ್ತದೆ. ಅಂಗಡಿಯಲ್ಲಿ ಸುಮ್ನೆ ಹಿತ್ತಾಳೆ ತಗಡು ಅಂತ ಕೇಳಬೇಡಿ. ಫ್ರೀ ಕಟಿಂಗ್ ಹಿತ್ತಾಳೆ ಬೇಕು ಅಂತ ಕೇಳಿ, ಒಂದು ಚೂರನ್ನು ಡ್ರಿಲ್ ಮಾಡಿ ಚಿಪ್ಸ್ ನೋಡಿ ತೆಗೆದುಕೊಳ್ಳಿ. ಉದ್ದ ಸುರುಳಿ ಬಂದರೆ ಬಿಡಿ.

ಬರ್ ವಿಷಯಕ್ಕೆ ದಿಕ್ಕು ಮುಖ್ಯ. ಬಿಲ್ಲೆಗೆ ತಾಗುವ ಜಾಗದಲ್ಲಿ ಕಟರ್‌ನ ಹಲ್ಲು ಹೆಡ್‌ಸ್ಟಾಕ್ ಕಡೆಗೆ ಓಡುತ್ತಿರಲಿ, ಕ್ಯಾರೇಜ್ ಕೂಡ ಹೆಡ್‌ಸ್ಟಾಕ್ ಕಡೆಗೆ ಹೋಗಲಿ. ಆಗ ಒತ್ತಡ ಬಿಲ್ಲೆಯನ್ನು ಹಿಂದಿನ ಆಸರೆಗೆ ಒತ್ತುತ್ತದೆ, ಬರ್ ಏಳಲು ಜಾಗ ಇರುವುದಿಲ್ಲ, ಕಟರ್ ಕ್ಯಾರೇಜ್ ಅನ್ನು ಬಿಲ್ಲೆಯ ಕಡೆಗೆ ಎಳೆದುಕೊಳ್ಳುವುದೂ ಇಲ್ಲ. ಉಲ್ಟಾ ದಿಕ್ಕಿನಲ್ಲಿ ಚಿಕ್ಕ ಲೇತಿನ ಸ್ಕ್ರೂ ಪ್ಲೇ ಇಷ್ಟೂ ಒಟ್ಟಿಗೆ ಬಿಟ್ಟು ಕಟರ್ ಧಡಕ್ ಅಂತ ಕಚ್ಚುತ್ತದೆ.

ಅರಗಿನಲ್ಲಿ, ಫೆವಿಕ್ವಿಕ್‌ನಲ್ಲಿ ಹಿಡಿದಾಗ

ನಡುವೆ ತೂತು ಇಲ್ಲದ, ಅಥವಾ ನಟ್ ಹಾಕಲಾಗದ ತೆಳು ಬಿಲ್ಲೆಗೆ ಅಂಟು ಬೇಕೇ ಬೇಕು. ಅರಗು ನಮಗೆ ಹೊಸದಲ್ಲ. ಅಕ್ಕಸಾಲಿಗರು ಕೆತ್ತುವ ಒಡವೆಯನ್ನು ಅರಗಿನಲ್ಲೇ ಕೂರಿಸುತ್ತಾರೆ. ಗಡಿಯಾರದ ಕೆಲಸದಲ್ಲಿ ಹಿತ್ತಾಳೆಯ ಸಪಾಟು ಮುಖದ ಚಕ್ ಮಾಡಿ, ಬಿಸಿ ಮಾಡಿ, ಅರಗು ಸವರಿ, ಬಿಲ್ಲೆ ಒತ್ತುತ್ತಾರೆ. ಅರಗು ಇನ್ನೂ ಮೆತ್ತಗಿರುವಾಗಲೇ ಸ್ಪಿಂಡಲ್ ತಿರುಗಿಸಿ ಮರದ ಕಡ್ಡಿಯಿಂದ ಅಂಚನ್ನು ಒತ್ತಿ ಸೆಂಟರ್‌ಗೆ ತರಬಹುದು. ಬೇರೆ ಯಾವ ಹಿಡಿತದಲ್ಲೂ ಈ ಸೌಕರ್ಯ ಇಲ್ಲ.

ಅರಗಿನ ಗಾಲಿ ಮುಖದಲ್ಲಿ ತೂಗಾಡಿದರೆ ಅರಗಿನ ಪದರ ಒಂದು ಕಡೆ ದಪ್ಪ ನಿಂತಿದೆ. ಚಕ್‌ನ ಮುಖದಲ್ಲಿ ಎರಡು ಮೂರು ಉಂಗುರದ ಗಾಡಿ (ಸಣ್ಣ ಕಾಲುವೆ) ತೆಗೆಯಿರಿ, ಹೆಚ್ಚಿನದು ಅಲ್ಲಿ ಸೇರಿಕೊಳ್ಳುತ್ತದೆ. ಆರುವವರೆಗೆ ಟೇಲ್‌ಸ್ಟಾಕ್‌ನಿಂದ ಒತ್ತಿ ಹಿಡಿಯಿರಿ. ಬಿಲ್ಲೆ ಕೊರೆಯುವಾಗ ಬಿಟ್ಟುಕೊಂಡರೆ ಮೊಂಡ ಕಟರ್‌ನ ಬಿಸಿ ಕಾರಣ ಇರಬಹುದು, ಅರಗು 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ತಣ್ಣನೆ ಚಕ್‌ಗೆ ಬಿಸಿ ಅರಗು ಹಾಕಿದ್ದೂ ಕಾರಣ ಇರಬಹುದು. ಬಿಟ್ಟ ಮೇಲೆ ಚಕ್‌ನ ಮುಖ ನೋಡಿ. ಅರಗೆಲ್ಲ ಬಿಲ್ಲೆಗೆ ಅಂಟಿ ಚಕ್ ಬರಿದಾಗಿದ್ದರೆ ಚಕ್ ತಣ್ಣಗಿತ್ತು. ಎರಡರ ಮೇಲೂ ಎಳೆದು ಹರಿದ ಹಾಗೆ ಇದ್ದರೆ ಬಿಸಿ ಜಾಸ್ತಿ ಆಗಿದೆ. ಕೆಲಸ ಮುಗಿದ ಮೇಲೆ ಸ್ಪಿರಿಟ್‌ನಲ್ಲಿ ನೆನೆಸಿದರೆ ಅರಗು ಬಿಡುತ್ತದೆ, ಫೆವಿಕ್ವಿಕ್‌ಗೆ ಅಸಿಟೋನ್ ಬೇಕು. ಫೆವಿಕ್ವಿಕ್ ಎಳೆತವನ್ನು ತಡೆಯುತ್ತದೆ, ಪೆಟ್ಟನ್ನು ತಡೆಯುವುದಿಲ್ಲ. ಫ್ಲೈ ಕಟರ್ ಕೊಡುವುದು ಪೆಟ್ಟೇ. ಹಾಗಾಗಿ ಅಂಟಿಸಿದರೂ ಟೇಲ್‌ಸ್ಟಾಕ್ ಒತ್ತು ಕೊಡಿ.

ಪಿನಿಯನ್ ಒಂದು ತುದಿಯಲ್ಲಿ ದಪ್ಪ

ಉಕ್ಕಿನ ಪಿನಿಯನ್ ಎಲೆಗಳು ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು ಬಂದರೆ ಎರಡು ಕಾರಣ ಇರಬಹುದು, ಬೇರೆ ಮಾಡುವುದು ಸುಲಭ. ಆಳ ಹೆಚ್ಚಿಸದೆ, ಅದೇ ಸಂದಿನಲ್ಲಿ ಕಟರ್ ಅನ್ನು ಇನ್ನೊಂದು ಸಲ ಓಡಿಸಿ. ಚಿಪ್ಸ್ ಬಂದರೆ ಜಾಬ್ (ಕೊರೆಯುತ್ತಿರುವ ತುಂಡು) ಬಾಗುತ್ತಿದೆ. ಆಸರೆ ಕೊಡಿ, ಹೊರಚಾಚಿದ ಉದ್ದ ಕಡಿಮೆ ಮಾಡಿ, ಆಳವನ್ನು ಎರಡು ಮೂರು ಸಲಕ್ಕೆ ಹಂಚಿ. ಏನೂ ಬರದಿದ್ದರೆ ಟೇಲ್‌ಸ್ಟಾಕ್ ಸಾಲಿನಲ್ಲಿಲ್ಲ. ಸೆಂಟರ್‌ಗಳ ನಡುವೆ ನೇರ ಸರಳು ಹಾಕಿ ಡಯಲ್ ಓಡಿಸಿ ಸರಿ ಮಾಡಿ.

ಕಟರ್ ಅನ್ನು ಹೆಡ್‌ಸ್ಟಾಕ್‌ನಲ್ಲಿ, ಜಾಬ್ ಅನ್ನು ವರ್ಟಿಕಲ್ ಸ್ಲೈಡ್‌ನಲ್ಲಿ ಹಿಡಿದು ಗಡಿಯಾರದ ಪ್ಲೇಟು, ಕಾಕ್ (ಗಾಲಿಯ ಆರ್ಬರ್‌ನ ತುದಿ ಹಿಡಿಯುವ ಬ್ರಾಕೆಟ್) ಮಿಲ್ಲಿಂಗ್ ಮಾಡುವವರಿಗೆ ಒಂದೇ ಎಚ್ಚರಿಕೆ. ಕೊರೆಯುತ್ತಿರುವ ಗಾಡಿ ಹೋಗ್ತಾ ಹೋಗ್ತಾ ತಾನಾಗಿಯೇ ಆಳವಾದರೆ ಎಂಡ್ ಮಿಲ್ ಚಕ್‌ನಿಂದ ಹೊರಗೆ ಬರುತ್ತಿದೆ. ಗಟ್ಟಿ ಜಾ, ಗಟ್ಟಿ ಶ್ಯಾಂಕ್, ನಡುವೆ ಕಚ್ಚಲು ಏನೂ ಇಲ್ಲ, ಸುರುಳಿ ಹಲ್ಲು ಬೇರೆ ಹೊರಕ್ಕೆ ಎಳೆಯುತ್ತದೆ. ಕಾಲೆಟ್ ಬಳಸಿ, ಅದರ ಟೇಪರ್‌ಗೆ ಹಿಂದಿನಿಂದ ಡ್ರಾಬಾರ್ (ಎಳೆದು ಹಿಡಿಯುವ ಉದ್ದ ಬೋಲ್ಟ್) ಹಾಕಿ. ಟೇಪರ್ ಬರೀ ಒತ್ತಿ ಕೂರಿಸಿದ್ದಾದರೆ ಅಡ್ಡ ಪೆಟ್ಟಿಗೆ ಸಡಿಲವಾಗಿಯೇ ತೀರುತ್ತದೆ.

ಸರಿ ಮಾಡಿದ ಮೇಲೆ, ಇನ್ನೊಂದು ಬಿಲ್ಲೆ ಹಾಳುಮಾಡುವ ಮೊದಲು

ಹೊಸ ಬಿಲ್ಲೆಯಲ್ಲಿ ಒಂದೇ ಒಂದು ಸಂದು ಪೂರ್ತಿ ಆಳಕ್ಕೆ ಕೊರೆಯಿರಿ. ಕಟರ್ ಅನ್ನು ಕ್ಯಾರೇಜ್‌ನಿಂದ ಪೂರ್ತಿ ಹೊರಗೆ ತನ್ನಿ, ಕ್ರಾಸ್ ಸ್ಲೈಡ್ ಮುಟ್ಟಬೇಡಿ. ಆ ಸಂದಿನ ಎರಡೂ ಮಗ್ಗುಲಿಗೆ ಮಸಿ ಬಳಿಯಿರಿ. ಈಗ ಕೊರೆಯದೆ, ನಿಜವಾಗಿ ಕೊರೆಯುವಾಗ ಮಾಡುವ ಹಾಗೆಯೇ 64 ಸಲ ಇಂಡೆಕ್ಸ್ ಮಾಡಿ: ಸೆಕ್ಟರ್ ತೋಳು ಸರಿಸಿ, ಪಿನ್ ಹಾಕಿ, ಲಾಕ್ ಬಿಗಿದು ಬಿಡಿ, ನಡುನಡುವೆ ಬಿಲ್ಲೆಯ ಅಂಚನ್ನು ಕೈಯಿಂದ ಸ್ವಲ್ಪ ಒತ್ತಿ. ಒಂದು ಸುತ್ತು ಮುಗಿದು ಮೊದಲ ಸಂದು ಮತ್ತೆ ಕಟರ್ ಮುಂದೆ ಬಂದಾಗ ಕಟರ್ ಓಡಿಸಿ ಸಂದಿನೊಳಗೆ ಹಾಯಿಸಿ. ಒಂದು ಮಗ್ಗುಲಿನ ಮಸಿ ಮಾತ್ರ ಅಳಿಸಿದರೆ ಏನೋ ಇನ್ನೂ ಜಾರುತ್ತಿದೆ, ಮತ್ತೆ ಗೆರೆಗಳನ್ನು ನೋಡಿ. ಎರಡೂ ಕಡೆ ಸಮನಾಗಿ ಅಳಿಸಿದರೆ ಕಟರ್ ಮೇಲೆ ಕೆಳಗೆ ಓಲಾಡುತ್ತಿದೆ, ಅಥವಾ ಮೊದಲ ಸಲ ಜಾಬ್ ಬಾಗಿತ್ತು. ಮಸಿ ಎರಡೂ ಕಡೆ ಹಾಗೆಯೇ ಉಳಿದಿದ್ದರೆ ಉಳಿದ 63 ಸಂದು ಕೊರೆಯಲು ಶುರು ಮಾಡಿ.